ಮೂವತ್ತೊಂದು ಹೈಡ್ರೋಜನ್ ಪಟ್ಟಿಯಿಂದ ಹೊರಕ್ಕೆ

ಪ್ರತಿಮಾ: ಹಂಗಾದ್ರೆ ಉಳಿದ ಮೂವತ್ತೊಂದು ಎಲ್ಲಿ ಹೋದ್ವು ಮಾವ?

ಸೀತಾರಾಮಪ್ಪ: ತೆಗ್ದೆ. ಒಂದೇ ಹೈಡ್ರೋಜನ್ನನ್ನ ಮೂವತ್ತೆರಡು ಸಲ ಬರ್ದಿದ್ಯಲ್ಲ ಮಾರಾಯ್ತಿ! ಮತದಾರರ ಪಟ್ಟಿ ತಿದ್ದಿದ ಕೈ ಇದು, ಸುಮ್ನೆ ಬಿಡ್ತದಾ?

ಪ್ರತಿಮಾ ಲ್ಯಾಪ್‌ಟಾಪಿನ ಮುಂದೆ ಕುಸಿದು ಕೂತಳು. ಬೆಳಿಗ್ಗೆ ಸಾಗರದ ಕಾಲೇಜಿಗೆ ಪಾಠಕ್ಕೆ ಹೊರಡುವಾಗ, ಕರೆಂಟು ಹೋಗಿ ಬಂದರೆ, ಎರಡು ದಿನದಿಂದ ಓಡುತ್ತಿರುವ ನೀರಿನ ಅಣುಗಳ ಲೆಕ್ಕದ ಪ್ರೋಗ್ರಾಂ ಮತ್ತೆ ಶುರು ಮಾಡಿ ಎಂದಷ್ಟೇ ನಿವೃತ್ತ ಮೇಷ್ಟ್ರಾದ ಮಾವನಿಗೆ ಹೇಳಿದ್ದಳು. ನಾಳೆ ಅವಳ ಪಿಎಚ್‌ಡಿ ಕಮಿಟಿ. ಸಾದಾ ನೀರಿಗಿಂತ, ಭಾರದ ಹೈಡ್ರೋಜನ್ ಇರುವ ನೀರಿನಲ್ಲಿ ಆಕ್ಸಿಜನ್ನಿಗೂ ಹೈಡ್ರೋಜನ್ನಿಗೂ ನಡುವಿನ ಬಂಧದ ಉದ್ದ ತುಸು ಕಡಿಮೆ ಎಂದು ಹೋದ ತಿಂಗಳ ಗ್ರಾಫು ತೋರಿಸಿತ್ತು. ಪ್ರೋಗ್ರಾಮಿನದೇ ತಪ್ಪಿರಬೇಕು ಎಂದು ಕಮಿಟಿಯವರು ಮೂಗು ಮುರಿದಿದ್ದರು. ನಾಳೆ ಅವರನ್ನು ಒಪ್ಪಿಸದಿದ್ದರೆ ಪದವಿ ಆರು ತಿಂಗಳು ಮುಂದಕ್ಕೆ.

ಪ್ರತಿಮಾ: ಅದು ನಕಲಿ ಅಲ್ಲ ಮಾವ. ಹೈಡ್ರೋಜನ್ ಬಲು ಹಗುರ, ಇಲ್ಲೇ ಕೂತಿದೆ ಅಂತ ಹೇಳೋಕಾಗಲ್ಲ. ಅದಕ್ಕೇ ಒಂದನ್ನೇ ಮೂವತ್ತೆರಡು ಕಡೆ ಇಟ್ಟು, ಸರದ ಥರ ಪೋಣಿಸಿ ಕಂಪ್ಯೂಟರಿಗೆ ಕೊಡೋದು.

ಸೀತಾರಾಮಪ್ಪ: ಎಲ್ಲಿರ್ತಾನೆ ಅಂತ ಗೊತ್ತಿಲ್ದವನನ್ನ ನಾವು ಪಟ್ಟಿಯಿಂದ್ಲೇ ತೆಗೀತಿದ್ವಿ. ಇಲ್ಲಿ ಒಂದಾದ್ರೂ ಉಳಿಸಿದೀನಿ.

ಕಾಫಿ ತಂದ ಅತ್ತೆ ಗುತ್ಯಮ್ಮ ಬಾಗಿಲಲ್ಲೇ ನಿಂತರು.

ಗುತ್ಯಮ್ಮ: ಹಿಂಗೇ ಅಲ್ವಾ, ಬೆಳ್ಳಪ್ಪನ ಹೆಸ್ರು ಮೂರು ಸಲ ಬಂದಿದೆ ಅಂತ ಎರಡು ಹೊಡೆದು ಹಾಕಿದ್ದು? ಮೂರೂ ಜನ ಬೆಳ್ಳಪ್ಪಂದಿರು ಬೆಳಬೆಳಿಗ್ಗೆ ಬಂದು ಜಗಲಿ ಮೇಲೆ ಕೂತಿದ್ರು!

ಸೀತಾರಾಮಪ್ಪ: ಅದು ಬಿಡೇ. ಇಲ್ಲಿ ಮೇಲ್ಗಡೆ ಒಟ್ಟು ಮೂವತ್ತೆರಡು ಅಂತಿದ್ದಿದ್ದನ್ನೂ ಒಂದು ಮಾಡ್ದೆ, ತಾಳೆ ಆಗ್ಬೇಕಲ್ಲ! ಭಾರದ ನೀರಿನ ಫೈಲಲ್ಲೂ ಅಷ್ಟೆ. ಮೂರು ದಿನದ ಕೆಲ್ಸ ಮಧ್ಯಾಹ್ನಕ್ಕೇ ಮುಗೀತು ನೋಡು.

ಮುಗಿದಿದ್ದೇನೋ ನಿಜ. ಗ್ರಾಫಿನಲ್ಲಿ ಬೇರೆ ಬೇರೆ ಬರಬೇಕಿದ್ದ ಎರಡು ನೀರಿನ ಗೆರೆಗಳು ಒಂದರ ಮೇಲೊಂದು ಕೂತು ಒಂದೇ ಆಗಿದ್ದವು. ಪ್ರತಿಮಾಳಿಗೆ ಅಳುವೇ ಬಂತು. ಅಷ್ಟರಲ್ಲಿ ಅವಳ ಗೈಡ್ ತುಂಗಾ ಮೇಡಂ ಹೊಸನಗರದ ಬಸ್ಸಿನಿಂದಲೇ ಫೋನ್ ಮಾಡಿದರು.

ತುಂಗಾ ಮೇಡಂ: ಏನ್ ಬಂತಮ್ಮ ರಿಸಲ್ಟು?

ಪ್ರತಿಮಾ: ಮೇಡಂ... ಮೂವತ್ತೆರಡು ಇರ್ಬೇಕಾದ ಕಡೆ ಒಂದೇ ಉಳಿದಿದೆ. ಹಗುರದ್ದು, ಭಾರದ್ದು, ಎರಡೂ ಒಂದೇ ಉದ್ದ.

ತುಂಗಾ ಮೇಡಂ: ಭೇಷ್! ಹೋದ ತಿಂಗಳ ಗ್ರಾಫಿನ ಪಕ್ಕ ಅದನ್ನಿಡು. ಮೂವತ್ತೆರಡು ಇಟ್ರೆ ವ್ಯತ್ಯಾಸ ಇದೆ, ಒಂದಿಟ್ರೆ ಇಲ್ಲ. ಅಂದ್ಮೇಲೆ ಅದು ಹೈಡ್ರೋಜನ್ ಒಂದೇ ಕಡೆ ನಿಲ್ಲದ ಕ್ವಾಂಟಮ್ ಪರಿಣಾಮಾನೇ, ಪ್ರೋಗ್ರಾಮಿನ ತಪ್ಪಲ್ಲ. ಇನ್ನೇನ್ ಕೇಳ್ತಾರೆ ಕಮಿಟಿಯವ್ರು? ಯಾರಿಗೆ ಹೊಳೀತೇ ಇದು?

ಪ್ರತಿಮಾ ಮಾವನ ಕಡೆ ನೋಡಿದಳು. ಅವರು ಆಗಲೇ ಕಾಲರ್ ಸರಿ ಮಾಡಿಕೊಳ್ಳುತ್ತಿದ್ದರು.

ಪ್ರತಿಮಾ: ನಮ್ಮ ಮಾವನಿಗೆ ಮೇಡಂ.

ಫೋನ್ ಇಟ್ಟದ್ದೇ ತಡ, ಸೀತಾರಾಮಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಸೀತಾರಾಮಪ್ಪ: ಪ್ರಬಂಧದಲ್ಲಿ ನನ್ನ ಹೆಸ್ರು ಹಾಕ್ತೀಯಾ?

ಪ್ರತಿಮಾ: ಮೂವತ್ತೆರಡು ಸಲ ಹಾಕ್ತೀನಿ ಮಾವ!

ಸೀತಾರಾಮಪ್ಪ: ಬ್ಯಾಡ ಬ್ಯಾಡ, ಒಂದೇ ಸಲ ಹಾಕು. ಆ ಕಮಿಟೀಲೂ ನನ್ನಂಥವನು ಒಬ್ಬ ಇದ್ದೇ ಇರ್ತಾನೆ.