ಲೆನ್ಸಿನ ಚೀಲದಲ್ಲಿ ಅಕ್ಷತೆ

ತಂಗಿ ಹೇಳಿದ ಒಂದೇ ಒಂದು ಕೆಲಸವನ್ನು ನಾನು ಮಾಡಲಿಲ್ಲ. ಎರಡು ಲೆನ್ಸುಗಳಲ್ಲಿ ಒಂದನ್ನು ಆರಿಸಿ ಅವಳ ಕೈಗೆ ಕೊಡಬೇಕಿತ್ತು, ಅಷ್ಟೆ. ಸಂತೆಯಲ್ಲಿ ಬದನೆಕಾಯಿ ಆರಿಸುವುದೂ ಇದಕ್ಕಿಂತ ಕಷ್ಟದ ಕೆಲಸ.

ಸುರಪುರದಲ್ಲಿ ನನ್ನದೊಂದು ಫೋಟೊ ಸ್ಟುಡಿಯೋ ಇದೆ. ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೂ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ತಿರುಗುವುದರಿಂದ ಮನೆಯಲ್ಲಿ ನನಗೆ ಪಂಡಿತನ ಮರ್ಯಾದೆ. ತಂಗಿ ಸರೋಜಾ ಬೋನಾಳದ ಶಾಲೆಯಲ್ಲಿ ಟೀಚರು. ಕಾಲುವೆ ಬಂದಮೇಲೆ ಆ ಕಡೆ ಎಲ್ಲಿ ನೋಡಿದರೂ ಭತ್ತ. ಚಳಿಗಾಲದಲ್ಲಿ ಅಲ್ಲಿನ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಕೆರೆಯ ನಟ್ಟನಡುವೆ ಕೂರುವ ಅವನ್ನು ಶಾಲೆಯ ಮಕ್ಕಳು ಹತ್ತಿರದಿಂದ ಕಂಡೇ ಇಲ್ಲ. ಚಿತ್ರ ಬರೆಯಿರಿ ಎಂದರೆ ನಾಲ್ಕು ಕಪ್ಪು ಚುಕ್ಕೆ ಇಟ್ಟು, "ಟೀಚರ್, ಇವೇ ರಿ" ಎನ್ನುತ್ತಾರಂತೆ. ಬೇಸಿಗೆಗೆ ಸರೋಜಾಳಿಗೆ ಗುರುಮಠಕಲ್ ಕಡೆಗೆ ವರ್ಗ. ಹೋಗುವ ಮೊದಲು ಆ ಚುಕ್ಕೆಗಳಿಗೆ ಕಣ್ಣು, ಕೊಕ್ಕು, ತಲೆಯ ಪಟ್ಟೆ ಕಾಣುವ ಹಾಗೆ ಫೋಟೊ ತೆಗೆದು ತರಗತಿಯ ಗೋಡೆಗೆ ಹಾಕಬೇಕೆಂದು ಅವಳ ಆಸೆ. ನನ್ನ ಹಳೆಯ ಕ್ಯಾಮೆರಾ ಅವಳ ಬಳಿ ಇತ್ತು. ಇಲ್ಲದ್ದು ದೂರದ ಲೆನ್ಸು.

ಯಾದಗಿರಿಯ ಕ್ಯಾಮೆರಾ ಅಂಗಡಿಯವರು ನನ್ನ ಪರಿಚಯದವರು. "ಎರಡೂ ಒಯ್ದು ನೋಡ್ರಿ. ಒಂದು ಇಟ್ಕೊಂಡು ಇನ್ನೊಂದು ತಂದು ಕೊಡ್ರಿ" ಎಂದು ಬಳಸಿದ ಎರಡು ಲೆನ್ಸು ಕೊಟ್ಟರು. ಎರಡರ ಮೈಮೇಲೂ ಎಪ್ಪತ್ತರಿಂದ ಮುನ್ನೂರು ಎಂಎಂ ಎಂದೇ ಬರೆದಿತ್ತು; ದೂರದ್ದನ್ನು ಹತ್ತಿರ ತರುವುದರಲ್ಲಿ ಎರಡೂ ಸಮ. ಒಂದರಲ್ಲಿ ಕೈ ನಡುಗಿದರೂ ಚಿತ್ರ ನಡುಗದಂತೆ ಒಂದು ಗುಂಡಿ. ಇನ್ನೊಂದು ಹಗುರ, ಹಾರುವುದನ್ನು ಗಪ್ಪನೆ ಹಿಡಿಯುತ್ತಿತ್ತು. ಪರೀಕ್ಷೆ ಎಂದರೆ ಪರೀಕ್ಷೆ. ನನ್ನ ಸ್ಟುಡಿಯೋ ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಯೂ ನೋಡಿದೆ. "ಉಳ್ಳಾಗಡ್ಡಿ ತೂಗೋ ತಕ್ಕಡಿರೀ ಇದು, ನಿಮ್ಮ ಶಾಣ್ಯಾತನ ತೂಗಂಗಿಲ್ಲ" ಎಂದು ಅಂಗಡಿಯ ಮಲ್ಲಪ್ಪ ನಕ್ಕ.

ಹಾರುವ ಹಕ್ಕಿಗೆ ಹಗುರದ್ದೇ ಸರಿ ಎಂದು ನನಗೆ ಮೊದಲ ವಾರವೇ ತಿಳಿದಿತ್ತು. ಆದರೆ ಅಷ್ಟರಲ್ಲಿ ಶಹಾಪುರದಲ್ಲೊಂದು ಲಗ್ನ ಬಂತು. ಕತ್ತಲೆಯ ಮಂಟಪಕ್ಕೆ ಗುಂಡಿಯದು, ಬಯಲಿನ ಮೆರವಣಿಗೆಗೆ ಹಗುರದ್ದು. ಎರಡೂ ಎಷ್ಟು ಚೆಂದ ಹೊಂದಿದವೆಂದರೆ, ಜನ್ಮವಿಡೀ ಹೆಣ್ಣಿನವರ ಕಾಲು ತುಳಿಯುತ್ತ ಫೋಟೊ ತೆಗೆದ ನಾನು ಅಂದು ಹಿಂದಿನ ಕುರ್ಚಿಯಲ್ಲಿ ಕುಳಿತೇ ಮದುಮಗಳ ಕಣ್ಣೀರು ಹಿಡಿದೆ. "ನೀವು ಇದ್ದದ್ದೇ ಗೊತ್ತಾಗ್ಲಿಲ್ರಿ" ಎಂದು ಬೀಗರು ಕೈ ಮುಗಿದರು. ಇಂಥ ಹೊಗಳಿಕೆ ಕೇಳಿದವನು ಲೆನ್ಸು ಹಿಂದಿರುಗಿಸುವುದುಂಟೆ? ಮತ್ತೊಂದು ಲಗ್ನ ಬಂತು. ಅದರ ಹಿಂದೆ ಇನ್ನೊಂದು.

ಸರೋಜಾ ಫೋನ್ ಮಾಡುತ್ತಿದ್ದಳು. "ಅಣ್ಣಾ, ಆರಿಸಿದೇನು?"

"ಅವಸರ ಮಾಡಬ್ಯಾಡವ್ವ. ಎರಡೂ ಹೆಚ್ಚುಕಮ್ಮಿ ಒಂದೇ ಅದಾವ. ತಾಳೆ ಹಾಕಿ ನೋಡಾಕತ್ತೇನಿ."

"ಆತು. ಅಣ್ಣ ತಾಳೆ ಹಾಕಾಕತ್ತಾನ, ಅಲ್ಲೀತನಕ ಕುಂತಿರ್ರಿ ಅಂತ ಹಕ್ಕಿಗೋಳಿಗೆ ಹೇಳ್ತೀನಿ."

ಹಕ್ಕಿಗಳು ಕುಳಿತಿರಲಿಲ್ಲ. ಬಿಸಿಲು ಏರಿತು, ಅವು ಹಾರಿಹೋದವು, ನನ್ನ ಕೈಯಲ್ಲಿದ್ದ ಲಗ್ನಗಳೂ ಮುಗಿದವು. ಗುಂಡಿಯದನ್ನು ಯಾದಗಿರಿಗೆ ಮುಟ್ಟಿಸಿ, ಹಗುರದ್ದನ್ನು ಹಿಡಿದು ನಾನು ಬೋನಾಳಕ್ಕೆ ಹೋದೆ. ಕೆರೆಯ ಏರಿಯ ಮೇಲೆ ಅವಳು ಕ್ಯಾಮೆರಾ ಹಿಡಿದು ಕಾಯುತ್ತಿದ್ದಳು. ನೀರಿನಲ್ಲಿ ಒಂದು ಬೆಳ್ಳಕ್ಕಿ, ಎರಡು ಎಮ್ಮೆ. ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡು ಲೆನ್ಸು ಹೊರತೆಗೆದಳು. ಜೊತೆಗೆ ಅಂಗೈ ಮೇಲೆ ನಾಲ್ಕಾರು ಅರಿಸಿನ ಹಚ್ಚಿದ ಅಕ್ಕಿಕಾಳು ಉದುರಿದವು. ಅವಳು ಅವನ್ನೇ ನೋಡುತ್ತ ನಿಂತಳು.

"ಅಣ್ಣಾ, ತಾಳೆ ಹಾಕಿದ್ದು ಯಾರ ಲಗ್ನದಾಗ?"

ನಾನು ಎಮ್ಮೆಯನ್ನು ನೋಡುವ ನೆಪದಲ್ಲಿ ಏರಿಯ ಮೇಲೆ ಬಹಳ ದೂರ ನಡೆದುಹೋದೆ. ತಿರುಗಿ ನೋಡಿದರೆ ಅವಳು ಕಾಳನ್ನು ಕೆರೆಗೆ ಚೆಲ್ಲಿ, ಕ್ಯಾಮೆರಾಕ್ಕೆ ಲೆನ್ಸು ಜೋಡಿಸಿ, ಖಾಲಿ ನೀರಿಗೇ ಹಿಡಿದು ನಿಂತಿದ್ದಳು. ಗೋಡೆಗೆ ಹಾಕಲು ಏನಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದಳೋ ಏನೋ. ಅಲ್ಲಿಂದಲೇ ಬಾಯೊಳಗೆ ಏನೋ ಗೊಣಗಿದೆ.

"ಏನಂದಿ? ಸನೇಕ ಬಂದು ಹೇಳು" ಎಂದಳು, ಲೆನ್ಸನ್ನು ನನ್ನ ಕಡೆ ತಿರುಗಿಸಿ. "ದೂರದಿಂದ ಮಾರಿ ಕಾಣಸ್ತದ, ಮಾತು ಕೇಳಸಂಗಿಲ್ಲ."

ದೂರ ಕುಳಿತು ಕಂಡವರ ಕಣ್ಣೀರು ಹಿಡಿದವನು ನಾನು. ತಂಗಿಯ ಎದುರಿಗೆ ಬರಲು ಆ ಏರಿಯನ್ನು ಇಡೀ ನಡೆಯಬೇಕಾಯಿತು. ಬಂದು ನಿಂತೆ. ಅವಳ ಕಣ್ಣು ನೋಡಲಾಗದೆ ಅವಳ ಕೈಯ ಅರಿಸಿನವನ್ನು ನೋಡುತ್ತ ಹೇಳಿದೆ:

"ತಪ್ಪಾತು ಸರೂ. ಎರಡೂ ನನಗ ಬೇಕಾಗಿದ್ದವು."