ಕುಣಿಗಲ್ಲಿನ ಮಂಗೋಲಿಯಾ

ಕುಣಿಗಲ್ಲಿನ ನಮ್ಮ ಚಿಕ್ಕಪ್ಪ ತುಮಕೂರು ಜಿಲ್ಲೆ ಬಿಟ್ಟು ಕದಲದೆ ಎರಡು ವರ್ಷದಿಂದ ಮಂಗೋಲಿಯಾದಲ್ಲಿ ವಾಸವಾಗಿದ್ದಾರೆ. ನಂಬಲ್ವಾ? ಬೇಡ ಬಿಡಿ, ಚಿಕ್ಕಮ್ಮನನ್ನೇ ಕೇಳಿ!

ಆದದ್ದಿಷ್ಟೇ. ಅಲ್ಲಿಗೆ ಯೋಗ ಕಲಿಸೋಕೆ ಹೋದ ಮಗ ಅಲ್ಲಿಯ ಹುಡುಗಿಯನ್ನೇ ಮದುವೆಯಾದ. "ಅವಳ ಹತ್ರ ಒಂದು ಮಾತೂ ಆಡಲ್ಲ" ಅಂತ ಚಿಕ್ಕಮ್ಮ ಹಟ ಹಿಡಿದರು. ರಿಟೈರಾದ ಪಿ.ಟಿ. ಮೇಷ್ಟ್ರು ಚಿಕ್ಕಪ್ಪ ಮಾತ್ರ ಮೊಬೈಲ್ ಹಿಡಿದು ಮಂಗೋಲಿಯಾ ಓದೋಕೆ ಕೂತರು. "ನಮ್ಮೂರಲ್ಲೂ ಕುದುರೆ ಫಾರಂ ಐತೆ, ಅವರದ್ದೂ ಕುದುರೆ ದೇಶ. ನೆಂಟಸ್ತನಕ್ಕೆ ಇನ್ನೇನ್ ಬೇಕ್ಲಾ?" ಅಂದರು. ಇಂಥ ಜಾತಕ ಯಾವ ಜೋಯಿಸರು ಕೂಡಿಸ್ತಾರೆ, ನೀವೇ ಹೇಳಿ!

ಆ ದೇಶದಲ್ಲಿ ಯಾರ ಮನೆಗೆ ಹೋದರೂ ಮೊದಲು ಹೊರಗೆ ನಿಂತು "ನಾಯಿ ಹಿಡ್ಕೊಳ್ಳಿ" ಅಂತ ಕೂಗಬೇಕಂತೆ, ಅದೇ ಅವರ ನಮಸ್ಕಾರ. ಸರಿ, ಗುಬ್ಬಿಯಲ್ಲಿ ಗೃಹಪ್ರವೇಶಕ್ಕೆ ಹೋದವರು ಗೇಟಲ್ಲೇ ನಿಂತು, ಡ್ರಿಲ್ ಮಾಡಿಸಿದ ಗಂಟಲಲ್ಲಿ "ನಾಯಿ ಹಿಡ್ಕೊಳ್ರಪ್ಪೋ!" ಅಂದರು. ಪೂಜೆಗೆ ಕೂತಿದ್ದ ಯಜಮಾನರು ಗಾಬರಿಯಾಗಿ ಎದ್ದು ಬಂದರು.

"ನಮ್ಮನೇಲಿ ನಾಯಿ ಇಲ್ವಲ್ಲ ಮೇಷ್ಟ್ರೇ?"

"ಇಲ್ದಿದ್ರೂ ಹಿಡ್ಕೋಬೇಕು ಕಣಯ್ಯಾ, ಮರ್ಯಾದೆ!"

ತುಮಕೂರಿನ ನಮ್ಮ ಮನೆಗೆ ಬಂದಾಗ ಅಡುಗೆಮನೆಗೇ ನುಗ್ಗಿ ಉಪ್ಪು ಹಾಕಿದ ಟೀ ಮಾಡಿಕೊಟ್ಟರು. ಅಲ್ಲಿಯವರು ಕುಡಿಯೋದು ಅದನ್ನೇ ಅಂತೆ. "ಹೆಂಗೈತೆ?" ಅಂತ ಬೇರೆ ಕೇಳಿದರು. "ಒಂದು ಒಗ್ಗರಣೆ ಬಿದ್ದಿದ್ರೆ ಸಾರಾಗ್ತಿತ್ತು ಮಾವ" ಅಂದಳು ನನ್ನ ಹೆಂಡತಿ.

ಕೊನೆಗೂ ಮೊನ್ನೆ ಮಗ-ಸೊಸೆ ಕುಣಿಗಲ್ಲಿಗೆ ಬಂದರು, ನಾನೂ ಹೋಗಿದ್ದೆ. ಚಿಕ್ಕಪ್ಪ ಉಪ್ಪಿನ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಆ ಹುಡುಗಿ ಒಂದು ಗುಟುಕು ಕುಡಿದು, ಮುಖ ಸಿಂಡರಿಸಿ, ಗಂಡನ ಹತ್ತಿರ ಮೆಲ್ಲಗೆ ಸಕ್ಕರೆ ಕೇಳಿದಳು! ಸಿಟಿಯಲ್ಲಿ ಬೆಳೆದವಳು, ಪಾಪ. ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ, ಆದರೂ ಮಾತಾಡಲಿಲ್ಲ. ಇದ್ದಷ್ಟು ದಿನವೂ ಹೊತ್ತೊತ್ತಿಗೆ ಬಡಿಸಿದರು, ಮುಖ ಮಾತ್ರ ಗೋಡೆ ಕಡೆ. ಚಿಕ್ಕಪ್ಪ ನನಗೊಬ್ಬನಿಗೇ ಹೇಳಿದರು, "ನಿಮ್ ಚಿಕ್ಕಮ್ಮ ಒಂದ್ ಮಾತಾಡಿದ್ರೆ ಸಾಕು ಕಣೋ. ಇಲ್ದಿದ್ರೆ ಆ ಹುಡ್ಗಿ ಈ ಮನೆಗೆ ಇನ್ಯಾಕೆ ಬರ್ತಾಳೆ?"

ಹೊರಡುವ ದಿನ ಮಗ-ಸೊಸೆ ಕಾರು ಹತ್ತಿದರು. ಚಿಕ್ಕಪ್ಪ ಒಂದು ಬಟ್ಟಲು ಹಾಲು, ಒಂದು ಸೌಟು ಹಿಡಿದು ಬಂದರು.

"ದೂರ ಹೋಗೋರ ಹಿಂದೆ ಅಲ್ಲಿ ಹಾಲು ಚಿಮುಕಿಸ್ತಾರೆ ಕಣೇ, ಸುಖವಾಗಿ ಹೋಗಿ ಬರ್ಲಿ ಅಂತ."

"ಹಾಲು ಚೆಲ್ಲೋದಾ? ಅನಿಷ್ಟ! ನಿಮಗೇನ್ ತಲೆ ಕೆಟ್ಟೈತಾ?" ಚಿಕ್ಕಮ್ಮ ಸಿಡುಕಿದರು.

"ತಾಯಿ ಮಾಡೋ ಕೆಲ್ಸ ಅದು" ಅಂದ ಚಿಕ್ಕಪ್ಪ ಬಟ್ಟಲನ್ನು ಅವರ ಮುಂದೆ ಹಿಡಿದರು. "ಆ ಹುಡ್ಗಿಗೆ ತಾಯಿ ಇಲ್ವಲ್ಲೇ."

ಕಾರು ಹೊರಟೇಬಿಟ್ಟಿತು. ಚಿಕ್ಕಮ್ಮ ಬಟ್ಟಲು ಕಿತ್ತುಕೊಂಡು ಬರಿಗಾಲಲ್ಲೇ ಬೀದಿಗೆ ಓಡಿದರು, ಕೈಯಲ್ಲೇ ಹಾಲು ಎರಚುತ್ತಾ, "ಹೋಗ್ಬುಟ್ ಬಾರೇ ಮಗ್ಳೇ! ಬೇಗ ಬಾರವ್ವಾ!" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದರು. ಕಾರು ನಿಂತಿತು, ಬಾಗಿಲು ತೆರೆಯಿತು.

ಹಿಂದಿನಿಂದ ಚಿಕ್ಕಪ್ಪ, "ಸೌಟಲ್ಲಿ ಕಣೇ, ಸೌಟಲ್ಲಿ ಹಾಕ್ಬೇಕು!" ಅನ್ನುತ್ತಾ ಮಗುವಿನ ಹಾಗೆ ಅಳುತ್ತಿದ್ದರು.