ಸೋರದ ಕಾರು

ಭಾನುವಾರ ಬೆಳಗ್ಗೆ ಎಂಟು ಗಂಟೆ. ಗುಮಾಸ್ತರ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು.

ಅದನ್ನು ಮೊದಲು ಕಂಡವನು ಎದುರುಮನೆಯ ಟೈಲರ್. ಅಲ್ಲಿಯವರೆಗೆ ಗುಮಾಸ್ತರು ಬೀದಿಗೆಲ್ಲ ಕೇಳುವಂತೆ ತಮ್ಮ ಸಾಹಸ ವರ್ಣಿಸುತ್ತಿದ್ದರು. ಗ್ಲೋವ್ ಬಾಕ್ಸ್ ಬಿಚ್ಚಿ, ಹಳೇ ಕಾಲೊರಸಿನಂತಾಗಿದ್ದ ಎ.ಸಿ. ಫಿಲ್ಟರ್ ಕಿತ್ತು ಹೊಸದು ಹಾಕಿದ್ದರು. ಮುಂದಿನ ಜಾಲರಿಯೊಳಗಿನ ಕಂಡೆನ್ಸರ್‌ಗೆ ಮೆತ್ತಿದ್ದ ಧೂಳನ್ನೂ ಸತ್ತ ಚಿಟ್ಟೆಗಳನ್ನೂ ಪೈಪು ಹಿಡಿದು ತೊಳೆದಿದ್ದರು. ಗ್ಯಾರೇಜಿನವನು ಗ್ಯಾಸ್ ತುಂಬಿದ್ದಷ್ಟೇ. ಮಿಕ್ಕಿದ್ದೆಲ್ಲ ಸ್ವಂತ ಕೈಕೆಲಸ. ಈಗ ಎಂಜಿನ್ ಓಡುತ್ತಿತ್ತು, ಒಳಗೆ ಮಾಗಿಯ ಚಳಿ.

ಇಷ್ಟು ಶ್ರಮಕ್ಕೆ ಕಾರಣವಿತ್ತು. ಹೋದ ಬೇಸಿಗೆಯಲ್ಲಿ ಅಕ್ಕನ ಗಂಡ ಈ ಕಾರಿನಲ್ಲಿ ಸ್ಟೇಷನ್ನಿನಿಂದ ಮನೆ ಸೇರುವಷ್ಟರಲ್ಲಿ ಬೆಂದ ಬದನೆಕಾಯಿಯಾಗಿದ್ದರು. ಅವರಿಗೆ ಮೊದಲೇ ಅಂಗಾಲು ಉರಿ. ಎಲ್ಲಿ ಕೂತರೂ ಮೊದಲು ಬೂಟು ಕಳಚುವ ಆಸಾಮಿ. "ಅದು ಕಾರಲ್ಲ, ನಾಲ್ಕು ಚಕ್ರದ ಒಲೆ" ಎಂದು ನೆಂಟರಿಗೆಲ್ಲ ಡಂಗುರ ಸಾರಿದ್ದರು. ಈಗ ಮಧ್ಯಾಹ್ನದ ರೈಲಿಗೆ ಮತ್ತೆ ಬರುವವರಿದ್ದರು. ಗುಮಾಸ್ತರ ಹೆಂಡತಿ ತೀರ್ಪು ಕೊಟ್ಟಾಗಿತ್ತು: "ಈ ಸಲ ನಿಮ್ಮ ಭಾವ ಬೆವರಿದ್ರೆ, ನಾಳೆನೇ ಕಾರು ಗುಜರಿಗೆ."

ಗುಮಾಸ್ತರಿಗೋ, ಕಾರೆಂದರೆ ಕಣ್ಣಿನ ಗೊಂಬೆ.

"ಸಾರ್, ಸೋರ್ತಾ ಇದೆ" ಎಂದ ಟೈಲರ್.

ಮಹಡಿ ಮನೆಯ ನಿವೃತ್ತ ಕಂಡಕ್ಟರು ಇಳಿದು ಬಂದು, ಬಗ್ಗಿ ನೋಡಿ, ತಲೆಯಾಡಿಸಿದರು. "ಗ್ಯಾಸೇ ಕರಗಿ ನೀರಾಗಿದೆ. ನಮ್ಮ ಬಸ್ಸಲ್ಲೂ ಹಿಂಗೇ ಆಗಿತ್ತು."

"ನಿಮ್ಮ ಬಸ್ಸಲ್ಲಿ ಎ.ಸಿ. ಎಲ್ಲಿತ್ತು?" ಎಂದರು ಗುಮಾಸ್ತರು.

"ಇರ್ಲಿಲ್ಲ. ಅದಕ್ಕೇ ಹೇಳಿದ್ದು. ಎಲ್ಲಾ ಸೋರಿ ಹೋಗಿತ್ತು."

ನಿಜಾಂಶವಿಷ್ಟೇ: ಎ.ಸಿ. ಓಡುವಾಗ ಗಾಳಿಯ ತೇವ ನೀರಾಗಿ, ಒಂದು ಕೊಳವೆಯಿಂದ ಕೆಳಗೆ ಇಳಿಯುತ್ತದೆ. ಕಾರಿಗೆ ಅದು ರೋಗವಲ್ಲ, ಆರೋಗ್ಯ. ಇದು ಗುಮಾಸ್ತರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಅವರಿಗಿರಲಿಲ್ಲ.

"ನೀರು ಸರಬರಾಜು ಕಚೇರಿಯೋರ ಕಾರೇ ಸೋರಿದ್ರೆ, ನಮ್ಮ ನಲ್ಲಿಗಳಿಗೆ ಯಾರಪ್ಪಾ ಗತಿ!" ಎಂದ ಟೈಲರ್.

ಮಾತು ಸೂಜಿಯಂತೆ ನಾಟಿತು. ಹದಿನೆಂಟು ವರ್ಷ ಆ ಕಚೇರಿಯಲ್ಲಿ ಗುಮಾಸ್ತರು ಕಲಿತ ಮಂತ್ರ ಒಂದೇ: ಸೋರಿದರೆ ಬಿರಡೆ ಜಡಿ. ಒಳಗೆ ಹೋಗಿ ಕೆಮ್ಮಿನ ಔಷಧಿಯ ಸೀಸೆಯಿಂದ ಬಿರಡೆ ತಂದರು. ಕಾರಿನಡಿ ತೂರಿ, ಹೆಬ್ಬೆರಳು ಗಾತ್ರದ ಕರಿ ರಬ್ಬರ್ ಕೊಳವೆ ಹುಡುಕಿ, ಬಿರಡೆ ತುರುಕಿದರು. ತೊಟ್ಟು ನಿಂತಿತು. ಟೈಲರ್ ಚಪ್ಪಾಳೆ ತಟ್ಟಿದ. ಗುಮಾಸ್ತರು ಯುದ್ಧ ಗೆದ್ದವರಂತೆ ಬೆನ್ನಿನ ಕೆಸರು ಸಮೇತ ಎದ್ದು ನಿಂತರು.

ಮಧ್ಯಾಹ್ನ ಸ್ಟೇಷನ್ನಿನ ಮುಂದೆ ಬಿಸಿಲು ಕಾದ ಹಂಚು. ಎ.ಸಿ. ಬಿಡದೆ ಓಡುತ್ತಿದ್ದ ಕಾರಿಗೆ ಭಾವ ಹತ್ತಿದವರೇ ಬೂಟು ಕಳಚಿ, ಅನುಮಾನದಿಂದ ಅಂಗೈಯನ್ನು ಗಾಳಿಗೆ ಹಿಡಿದರು.

"ಏನೋ ಇದು! ಬಾವಿ ಒಳಗೆ ಕೂತಂಗಿದೆ!"

"ಸುಮ್ನೆ ಅಲ್ಲ ಭಾವ, ಸ್ವಂತ ಕೈಯಲ್ಲಿ ಮಾಡಿದ್ದು." ಗುಮಾಸ್ತರ ಎದೆ ಸ್ಟೇರಿಂಗ್ ಮುಟ್ಟಿತು.

ಮನೆ ಹತ್ತಿರದ ತಿರುವಿನಲ್ಲಿ ಗಾಡಿ ವಾಲಿತು. ಹೋಗಲು ದಾರಿಯಿಲ್ಲದೆ ಒಳಗೇ ತುಂಬಿದ್ದ ತಣ್ಣೀರು ಡ್ಯಾಶ್‌ಬೋರ್ಡಿನಡಿಯಿಂದ ಧಬಕ್ಕನೆ ಭಾವನ ಬರಿಗಾಲ ಮೇಲೆ ಸುರಿಯಿತು. ಗುಮಾಸ್ತರಿಗೆ ಕಾರು ಗುಜರಿಗೆ ಹೋಗುವುದು ಕಣ್ಣ ಮುಂದೆಯೇ ಕಂಡಿತು.

ಭಾವ ಕಣ್ಣು ಮುಚ್ಚಿದ್ದರು. "ಆಹಾ…" ಎಂದರು. "ಅಂಗಾಲು ಉರಿಗೂ ಏರ್ಪಾಡು ಮಾಡಿದ್ದೀಯೇನೋ?"

ನಿಜ ಹೇಳಲು ಅದೊಂದು ಕ್ಷಣ ಇತ್ತು. ಗುಮಾಸ್ತರು ಅದನ್ನು ಜಾರಲು ಬಿಟ್ಟರು.

"ಮತ್ತೆ? ನಿಮಗೋಸ್ಕರಾನೇ ಭಾವ."

ಮನೆ ಮುಂದೆ ಇಳಿದ ಭಾವ ಪ್ಯಾಂಟು ಮಡಚಿಕೊಂಡೇ ಬೀದಿಯವರೆದುರು ಘೋಷಿಸಿದರು: "ಇಂಥಾ ಕಾರು ಲೋಕದಲ್ಲಿಲ್ಲ! ಇದು ನನಗೆ ಬೇಕು ಕಣೋ. ಪುಕ್ಕಟೆ ಬೇಡ, ನನ್ನ ಕಾರು ನಿನಗೆ. ಇದಕ್ಕಿಂತ ದೊಡ್ಡದು."

"ದೊಡ್ಡ ಕಾರಿದ್ದೂ ರೈಲಲ್ಲಿ ಯಾಕೆ ಬಂದ್ರಿ ಭಾವ?"

"ಅದರ ಎ.ಸಿ. ಸತ್ತಿದೆ ಮಾರಾಯ. ಊರಲ್ಲಿರೋ ಗ್ಯಾರೇಜಿನೋರೆಲ್ಲ ಕೈಚೆಲ್ಲಿದ್ರು. ನಿನ್ನ ಕೈಗೆ ಅದೊಂದು ಲೆಕ್ಕಾನಾ?"

ಗುಮಾಸ್ತರು ಸುತ್ತ ನೋಡಿದರು. ಟೈಲರ್ ಇದ್ದ, ಕಂಡಕ್ಟರು ಇದ್ದರು. ಆ ನೀರು ತಮ್ಮ ಬಿರಡೆಯ ಎಡವಟ್ಟು ಎಂದು ಇವರೆದುರು ಬಾಯಿ ಬಿಟ್ಟರೆ ಮಾನಗೇಡು.

"ಕೊಟ್ಬಿಡ್ರೀ" ಎಂದಳು ಹೆಂಡತಿ. ಅವಳ ಮುಖದಲ್ಲಿ ಮೊದಲ ಬಾರಿಗೆ ಗಂಡನ ಬಗ್ಗೆ ಹೆಮ್ಮೆ ಇತ್ತು. "ಇನ್ನೊಂದನ್ನ ಮಾಡ್ಕೊಳ್ಳೋಕೆ ನಿಮಗೇನು ಕಷ್ಟ?"

"ಲೆಕ್ಕಾನೇ ಅಲ್ಲ" ಎಂದಿತು ಗುಮಾಸ್ತರ ಬಾಯಿ, ಅವರನ್ನು ಕೇಳದೆ.

ಭಾವ ಸಂಜೆ ಆ ಕಾರಿನಲ್ಲೇ, ಬರಿಗಾಲಲ್ಲಿ, ಊರಿಗೆ ಹೊರಟರು.

ಮುಂದಿನ ಭಾನುವಾರ ಭಾವನ ದೊಡ್ಡ ಕಾರು ಬಂದು ನಿಂತಿತು. ಗುಮಾಸ್ತರು ಫಿಲ್ಟರ್ ಬದಲಿಸಿದರು, ಕಂಡೆನ್ಸರ್ ತೊಳೆದರು, ಎಂಜಿನ್ ಓಡಿಸಿ ಎ.ಸಿ. ಹಾಕಿ, ಶರ್ಟು ಬೆವರಿಗೆ ತೊಯ್ದು ಮೈಗಂಟುವವರೆಗೆ ಒಳಗೆ ಕೂತರು. ಹೊರಗೆ ಟೈಲರ್ ಮತ್ತು ಕಂಡಕ್ಟರು ಬಗ್ಗಿ ಕಾರಿನಡಿ ನೋಡಿ, "ಕಾರಂದ್ರೆ ಇದು!" ಎಂದು ಮೆಚ್ಚಿಕೊಂಡರು.

ಕೆಳಗೆ ಒಂದು ಹನಿ ನೀರೂ ಬಿದ್ದಿರಲಿಲ್ಲ.